ಕ್ಲಚ್ಚಿಗಾಗಿ ಹಾರೂಗೇರಿಗೆ

ಭೋಜದ ಜ್ಞಾನದೇವನಿಗೆ ಒಂದು ಕಾರಿನ ಮೂರನೇ ಒಂದು ಪಾಲು ಇತ್ತು. ಉಳಿದ ಎರಡು ಪಾಲುಗಳಲ್ಲಿ ಒಂದು ಖಲೀಲನದು, ಇನ್ನೊಂದು ಸಂಗ್ರಾಮನದು. ಹದಿನೇಳು ವರ್ಷಗಳ ಹಿಂದೆ, ಭೋಜದಿಂದ ಚಿಕ್ಕೋಡಿಗೆ ದಿನಾ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವುದು ಸಾಕಾಗಿ, ಮೂವರೂ ಸೇರಿ ಅದಾಗಲೇ ಏಳು ವರ್ಷ ಓಡಿದ್ದ ಒಂದು ಹಸಿರು ಕಾರನ್ನು ಕೊಂಡಿದ್ದರು. ಜ್ಞಾನದೇವ ಚಿಕ್ಕೋಡಿಯ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತ, ಸಂಗ್ರಾಮ ಅದೇ ಕಚೇರಿಯಲ್ಲಿ ಜವಾನ. ಖಲೀಲ ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಜನರ ಅರ್ಜಿ ಟೈಪ್ ಮಾಡಿಕೊಡುವವನು. ಕಾರಿನ ಒಪ್ಪಂದವನ್ನೂ ಅವನೇ ಛಾಪಾ ಕಾಗದದ ಮೇಲೆ ಟೈಪ್ ಮಾಡಿದ್ದ. ಹನ್ನೊಂದು ಕಲಮುಗಳು. ಗಾಡಿಗೆ ಏನೇ ಹೊಸ ಸಾಮಾನು ಹಾಕಿಸಬೇಕಾದರೂ ಮೂವರ ಒಮ್ಮತ ಬೇಕು, ಒಬ್ಬನು ಒಲ್ಲೆನೆಂದರೂ ಗಾಡಿ ನಿಂತಲ್ಲಿಯೇ ನಿಲ್ಲತಕ್ಕದ್ದು ಎಂದು ಅದರ ನಾಲ್ಕನೇ ಕಲಮು ಹೇಳುತ್ತಿತ್ತು.

ಐದು ವರ್ಷಗಳ ಹಿಂದೆ ಸಂಗ್ರಾಮ ಎದೆನೋವು ಬಂದು ತೀರಿಕೊಂಡ. ಅನುಕಂಪದ ಆಧಾರದ ಮೇಲೆ ಅವನ ನೌಕರಿ ಹೆಂಡತಿ ಸಕ್ಕುಬಾಯಿಗೆ ಬಂತು. ನೌಕರಿಯ ಜೊತೆಗೆ ಕಾರಿನ ಪಾಲೂ ಹಿಂದಿನ ಸೀಟಿನ ಎಡಗಡೆಯ ಕಿಟಕಿಯೂ ಬಂದವು. ಮೊದಲನೆಯ ದಿನ ಅವಳು ಆ ಸೀಟಿನಲ್ಲಿ ಕೂತು ಚಿಕ್ಕೋಡಿ ಮುಟ್ಟುವ ತನಕ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ರೂಢಿಯಾಯಿತು. ಆದರೆ ಗಾಡಿಯ ವಿಷಯದಲ್ಲಿ ಅವಳು ಒಂದು ಮಾತೂ ಆಡುತ್ತಿರಲಿಲ್ಲ. ಟೈರು ಬದಲಿಸುವಾಗ, ಬ್ಯಾಟರಿ ಹಾಕಿಸುವಾಗ, "ನೀವು ಹೆಂಗಂತೀರಿ ಹಂಗ ಭಾವುಜಿ" ಎಂದು ಸಹಿ ಮಾಡುತ್ತಿದ್ದಳು. ಜ್ಞಾನದೇವ ಅವಳನ್ನು ಅತ್ತಿಗೆ ಎಂಬರ್ಥದಲ್ಲಿ ವಹಿನಿ ಎನ್ನುತ್ತಿದ್ದ, ಮತ್ತು ಆ ಸಹಿಯನ್ನು ತನ್ನದೇ ಎರಡನೇ ಸಹಿ ಎಂದು ತಿಳಿದಿದ್ದ.

ಮೂವರಲ್ಲಿ ಕಾರು ನಡೆಸಲು ಬರುತ್ತಿದ್ದುದು ಜ್ಞಾನದೇವನೊಬ್ಬನಿಗೇ. ಹದಿನೇಳು ವರ್ಷಗಳಲ್ಲಿ ಅವನು ಯಾರನ್ನೂ ಹಿಂದೆ ಹಾಕಿದವನಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಚಿಕ್ಕೋಡಿ ಹತ್ತಿರ ಏರು ಹತ್ತುವಾಗ ಇಂಜಿನ್ನು ಜೋರಾಗಿ ಅರಚತೊಡಗಿತು. ಅದು ಅರಚಿದಷ್ಟೂ ಗಾಡಿ ಮೆಲ್ಲಗಾಯಿತು. ಜ್ಞಾನದೇವ ಇನ್ನಷ್ಟು ಒತ್ತಿದ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಎರಡು ಟ್ರೇಲರು ಎಳೆದುಕೊಂಡು ಅವರನ್ನು ದಾಟಿ ಹೋಯಿತು. ಸ್ವಲ್ಪ ಹೊತ್ತಿಗೆ ಒಂದು ಎತ್ತಿನ ಗಾಡಿ ದಾಟಿತು. ಕೊನೆಗೆ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಬದಿಗೆ ಬಂದು, ಕಿಟಕಿಯೊಳಗೆ ಬಗ್ಗಿ ನೋಡಿ, ಮುಂದೆ ಹೋದಳು.

"ಯಾರರ ಮನ್ಯಾಗ ರೊಟ್ಟಿ ಹೊತ್ತಾಕತ್ತೈತಿ," ಎಂದಳು ಸಕ್ಕುಬಾಯಿ, ಮೂಗು ಎಳೆದು.

ಸುತ್ತ ಎಲ್ಲೂ ಮನೆಯಿರಲಿಲ್ಲ.

ಗಾಡಿಯನ್ನು ತಳ್ಳಿಸಿಕೊಂಡು ಚಿಕ್ಕೋಡಿಯಲ್ಲಿದ್ದ ಜಾವೇದನ ಗ್ಯಾರೇಜಿಗೆ ತಂದಾಗ ಹನ್ನೊಂದು ಗಂಟೆ. ಜಾವೇದ ಆ ಗಾಡಿಯನ್ನು ತನ್ನ ಅಪ್ಪನ ಕಾಲದಿಂದ ನೋಡಿದವನು. ಬಾನೆಟ್ ಸಹ ಎತ್ತಲಿಲ್ಲ. ಮೂಸಿ ನೋಡಿದ, ಅಷ್ಟೇ.

"ಕ್ಲಚ್ ಪ್ಲೇಟ್ ಹೋತ್ರಿ ಅಣ್ಣಾವ್ರ. ಮೂರನೇ ಸಲ. ನಿಮ್ಮ ಎಡಗಾಲು ಎಲ್ಲಿ ಇರತೈತಿ ಗಾಡಿ ಹೊಡಿಯೂ ಮುಂದ?"

"ಕ್ಲಚ್ ಮ್ಯಾಲೆ."

"ಗೇರ್ ಹಾಕಿದ ಮ್ಯಾಲೂ?"

ಜ್ಞಾನದೇವ ಕಾಲು ನೋಡಿಕೊಂಡು, "ಧೈರ್ಯಕ್ಕ ಇಟ್ಟಿರತೀನಿ," ಎಂದ.

ಜಾವೇದ ಕೈಯೊರೆಸಿಕೊಂಡು ಮೂರು ದಾರಿ ಹೇಳಿದ. ಕಂಪನಿ ಈ ಗಾಡಿ ಮಾಡುವುದನ್ನು ನಿಲ್ಲಿಸಿ ಹದಿನೆಂಟು ವರ್ಷವಾಯಿತು, ಆದರೂ ಪುಣೆಯಲ್ಲಿ ಒಬ್ಬನ ಹತ್ತಿರ ಅಸಲಿ ಕ್ಲಚ್ ಸೆಟ್ ಇರಬಹುದು. ಒಂಬತ್ತು ಸಾವಿರದ ನಾಲ್ಕುನೂರು, ಬರಲು ಒಂದು ತಿಂಗಳು. ಎರಡನೆಯದು ಬೇರೆ ಯಾವುದೋ ಗಾಡಿಯ ಅಗ್ಗದ ಸೆಟ್, ಮೂರು ಸಾವಿರದ ಇನ್ನೂರು. ಅದನ್ನು ಅಲ್ಲಲ್ಲಿ ಉಜ್ಜಿ, ಬಡಿದು, ಇದರೊಳಗೆ ಕೂಡಿಸಬೇಕು. ಮೂರನೆಯದು ಹಳೆಯ ಪ್ಲೇಟನ್ನೇ ನಿಪ್ಪಾಣಿಗೆ ಒಯ್ದು, ಸವೆದ ಪದರದ ಜಾಗದಲ್ಲಿ ಹೊಸ ಲೈನರ್ ಹೊಡೆಸುವುದು, ಏಳುನೂರು. ಹಿಂದಿನ ಎರಡು ಸಲವೂ ಅದನ್ನೇ ಮಾಡಿಸಿದ್ದರು.

"ಪುಣೆದ್ದ ತರಸೂಣು," ಎಂದ ಜ್ಞಾನದೇವ.

"ನಿಪ್ಪಾಣಿಗಿ ಕಳಸೂಣು," ಎಂದ ಖಲೀಲ.

ಇಬ್ಬರೂ ಸಕ್ಕುಬಾಯಿಯ ಕಡೆ ನೋಡಿದರು. ಅವಳು ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಳೇ ಟೈರಿನ ಮೇಲೆ ಕೂತಿದ್ದಳು. "ಜಾವೇದಭಾಯಿ," ಎಂದಳು, "ಈ ಮೂರರಾಗ ಯಾವುದು ಎಷ್ಟ ವರ್ಷ ಬಾಳತೈತಿ?"

ಜ್ಞಾನದೇವನಿಗೆ ಆಶ್ಚರ್ಯವಾಯಿತು. ಐದು ವರ್ಷದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು.

ಪುಣೆಯದು ಐದು ವರ್ಷ, ಅಗ್ಗದ್ದು ಎರಡು ವರ್ಷ, ಲೈನರು ಹೆಚ್ಚೆಂದರೆ ಒಂದು ವರ್ಷ ಎಂದ ಜಾವೇದ. ಪ್ಲೇಟಿನ ತೂತುಗಳು ಈಗಾಗಲೇ ದೊಡ್ಡದಾಗಿರುವುದರಿಂದ ಲೈನರು ಹಿಡಿದಿಡುವ ರಿವೆಟ್ ನಿಲ್ಲುವುದೂ ಕಷ್ಟ ಎಂದೂ ಹೇಳಿದ.

"ಒಂದ ವರ್ಷ ಬೇಕಾದಷ್ಟಾತು," ಎಂದ ಖಲೀಲ. ಅವನಿಗೆ ಅರವತ್ತೊಂದು. "ಮುಂದಿನ ರಮಜಾನಕ್ಕ ನಾ ಟೈಪಿಂಗ್ ಬಿಡಾವ. ನಾ ಹೋಗದ ಗಾಡಿಗಿ ಐದ ವರ್ಷದ ಕ್ಲಚ್ ಯಾಕ?" ಅವನು ಎಂಟು ವರ್ಷದಿಂದ ಮುಂದಿನ ರಮಜಾನಿಗೆ ಬಿಡುತ್ತಲೇ ಇದ್ದ.

"ನನ್ನ ಸರ್ವಿಸ್ ಇನ್ನ ಆರ ವರ್ಷ ಐತಿ," ಎಂದ ಜ್ಞಾನದೇವ. "ಐದ ವರ್ಷದ್ದ ಹಾಕಿಸಿದ್ರ ಕಡೀ ವರ್ಷ ಹೆಂಗೋ ನಡಸಬಹುದು."

ಸಕ್ಕುಬಾಯಿ ಬೆರಳು ಮಡಿಚುತ್ತಾ ಏನೋ ಲೆಕ್ಕ ಹಾಕಿದಳು. "ನಂದು ಹತ್ತೊಂಬತ್ತ ವರ್ಷ ಐತಿ," ಎಂದಳು. "ಹತ್ತೊಂಬತ್ತ ವರ್ಷದ್ದ ಇದ್ರ ಹೇಳ್ರಿ, ಸಹಿ ಮಾಡತೀನಿ."

ಜಾವೇದ ಮೊದಲು ನಕ್ಕ. ಅವಳು ನಗಲಿಲ್ಲ. ಅವನೂ ನಿಲ್ಲಿಸಿದ.

ಆ ದಿನ ಮಧ್ಯಾಹ್ನದ ತನಕ ವಾದ ನಡೆಯಿತು. ಐದು ವರ್ಷದ ಕ್ಲಚ್ ಹಾಕಿಸಿ, ತಾನು ಒಂದೇ ವರ್ಷ ಕೂತರೆ ಉಳಿದ ನಾಲ್ಕು ವರ್ಷದ ಸವೆತ ಯಾರ ಪಾಲಿಗೆ ಎಂದು ಖಲೀಲ ಕೇಳಿದ. ನೀನು ಮುಂಚೆಯೇ ಸತ್ತರೆ ಎಂದು ಕೇಳಲು ಹೋಗಿ ಜ್ಞಾನದೇವ ಸಕ್ಕುಬಾಯಿಯ ಮುಖ ನೋಡಿ ನಿಲ್ಲಿಸಿದ. ಹತ್ತೊಂಬತ್ತು ವರ್ಷ ಬಾಳುವ ಕ್ಲಚ್ ಪ್ರಪಂಚದಲ್ಲೇ ಇಲ್ಲ ಎಂದು ಇಬ್ಬರೂ ಸೇರಿ ಅವಳಿಗೆ ತಿಳಿಸಿ ಹೇಳಿದರು. "ಇಲ್ಲಂದ್ರ ಯಾಕಿಲ್ಲ?" ಎಂದಳು ಅವಳು. ಒಮ್ಮತವಾಗಲಿಲ್ಲ. ಗಾಡಿ ನಾಲ್ಕನೇ ಕಲಮಿನ ಪ್ರಕಾರ ನಿಂತಲ್ಲಿಯೇ ನಿಂತಿತು.

ಬುಧವಾರ, ಗುರುವಾರ ಮೂವರೂ ಬಸ್ಸಿನಲ್ಲಿ ಹೋದರು. ಒಂದೇ ಬಸ್ಸು, ಬೇರೆ ಬೇರೆ ಸೀಟು. ಜ್ಞಾನದೇವ ಮುಂದೆ ಡ್ರೈವರಿನ ಹಿಂದೆ ಕೂತು, ಬಸ್ಸು ಗೇರು ಬದಲಿಸಿದಾಗಲೆಲ್ಲ ತನ್ನ ಎಡಗಾಲು ತಾನೇ ನೆಲ ಒತ್ತುವುದನ್ನು ಕಂಡು ನಾಚಿದ. ಮೂರು ಕ್ಲಚ್ಚು ತಿಂದ ಕಾಲು ಅದು. ಮೂವರ ಜಗಳಕ್ಕೂ ಅದೇ ಮೂಲ ಎಂದು ಅವನಿಗೆ ರಾತ್ರಿ ನಿದ್ದೆಯಲ್ಲೂ ಅನ್ನಿಸಿತು.

ಶುಕ್ರವಾರ ಜಾವೇದ ಫೋನು ಮಾಡಿದ.

"ಅಣ್ಣಾವ್ರ, ಒಂದ ಮಾತು ಹೇಳೂದ ಬಿಟ್ಟಿದ್ದೆ. ಹಾರೂಗೇರ್ಯಾಗ ಕಮರುನ್ನಿಸಾ ಅಂತ ಒಬ್ಬ್ರು ಆಪಾ ಅದಾರ, ನಮಗ ಅಕ್ಕ ಇದ್ದಂಗ. ಬಳಿ ವ್ಯಾಪಾರ. ಈ ಕಡೆ ಐದೂ ತಾಲೂಕಿನ್ಯಾಗ ನಿಮ್ಮಂಥಾ ಗಾಡಿ ಇನ್ನೊಂದ ಇದ್ದದ್ದ ಅವ್ರ ಹಂತ್ಯಾಕ. ಆರ ತಿಂಗಳಿಗೊಮ್ಮಿ ನನಗ ಫೋನ್ ಹಚ್ಚಿ, ಭೋಜದ ಹಸರ ಗಾಡಿ ಇನ್ನೂ ಜೀವಂತ ಐತೇನು ಅಂತ ಕೇಳತಾರ."

"ಯಾಕ?"

"ಅವ್ರ ಹತ್ರ ಹೊಸಾ ಕ್ಲಚ್ ಸೆಟ್ ಐತಿ. ಡಬ್ಬಿ ಒಡದಿಲ್ಲ. ಗಾಡಿ ಇಲ್ಲ."

ಏಳು ವರ್ಷದ ಹಿಂದೆ ಕಮರುನ್ನಿಸಾ ತನ್ನ ಕಾರಿಗೆಂದು ಹೊಸ ಕ್ಲಚ್ ತಂದು ಮನೆಯಲ್ಲಿಟ್ಟಿದ್ದಳು. ಮೆಕ್ಯಾನಿಕ್ ನಾಳೆ ಬರುತ್ತೇನೆ ಎಂದಿದ್ದ. ಆ ನಾಳೆಯ ಬೆಳಿಗ್ಗೆ, ರಸ್ತೆ ಬದಿ ನಿಂತಿದ್ದ ಕಾರಿನ ಮೇಲೆ ಕಬ್ಬಿನ ಟ್ರೇಲರೊಂದು ಮಗುಚಿ ಬಿತ್ತು. ಕಬ್ಬು ತೆಗೆದ ಮೇಲೆ ಕಾರು ಮೊಣಕಾಲು ಎತ್ತರಕ್ಕಿಂತ ಹೆಚ್ಚಿರಲಿಲ್ಲವಂತೆ. ಒಳಗೆ ಯಾರೂ ಇರಲಿಲ್ಲ ಎಂಬುದೇ ಪುಣ್ಯ.

ಜ್ಞಾನದೇವ ಅವಳಿಗೆ ಫೋನು ಹಚ್ಚಿದ. ಆ ಕಡೆಯಿಂದ ದಪ್ಪ ದನಿ ಬಂತು. "ಐತಿ. ಆದ್ರ ಗಾಡಿ ನೋಡದ ಕೊಡೂದಿಲ್ಲ. ಗಾಡಿ ತಗೊಂಡ ಬರ್ರಿ."

"ಆಪಾ, ಕ್ಲಚ್ ಇಲ್ಲಂತ ಅಲ್ಲೇನ್ರಿ ಗಾಡಿ ನಿಂತದ್ದು? ಕ್ಲಚ್ ಇಲ್ಲದ ಗಾಡಿ ಹೆಂಗ ತರೂದು?"

"ಅದು ನಿಮ್ಮ ವಿಚಾರ. ಏಳ ವರ್ಷ ಕಪಾಟಿನ್ಯಾಗ ಇಟ್ಟೇನಿ. ಎಂಥಾ ಗಾಡಿಗಿ ಹೋಗತೈತಿ ಅಂತ ನಾ ನೋಡಬ್ಯಾಡೇನು?"

ಎಳೆದುಕೊಂಡು ಹೋಗಲು ಖಲೀಲ ಎರಡು ದಿನ ಟ್ರ್ಯಾಕ್ಟರು ಹುಡುಕಿದ. ಎಲ್ಲ ಟ್ರ್ಯಾಕ್ಟರುಗಳೂ ಕಬ್ಬು ಸಾಗಿಸುವುದರಲ್ಲಿದ್ದವು. ಸಿಕ್ಕ ಒಂದು ಕ್ರೇನಿನವನು ಪುಣೆಯ ಕ್ಲಚ್ಚಿಗಿಂತ ಹೆಚ್ಚು ಬಾಡಿಗೆ ಕೇಳಿದ. ಆಗ ಜಾವೇದ ಹೇಳಿದ ಉಪಾಯ ಇಷ್ಟೇ. ಸಪಾಟ ರಸ್ತೆಯಲ್ಲಿ ಗಾಡಿ ಎರಡನೇ ಗೇರಿನಲ್ಲಿ ಹೆಂಗೋ ತೆವಳುತ್ತದೆ. ಏರು ಬಂದಾಗ ಮಾತ್ರ ಹತ್ತುವುದಿಲ್ಲ. ಆದರೆ ರಿವರ್ಸ್ ಗೇರಿಗೆ ಎಳೆಯುವ ತಾಕತ್ತು ಜಾಸ್ತಿ. ಆದ್ದರಿಂದ ಏರು ಬಂದಲ್ಲೆಲ್ಲ ಗಾಡಿ ತಿರುಗಿಸಿಕೊಂಡು ಹಿಂದುಮುಂದಾಗಿ ಹತ್ತಬೇಕು.

"ಹಾರೂಗೇರಿ ತನಕಾನ?" ಎಂದ ಜ್ಞಾನದೇವ.

"ಏರು ಇದ್ದಲ್ಲಿ ಮಾತ್ರ. ಮತ್ತ ಕಾಲು..."

"ಗೊತ್ತೈತಿ," ಎಂದ ಜ್ಞಾನದೇವ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೂವರೂ ಗ್ಯಾರೇಜಿನಿಂದ ಹೊರಟರು. ಚಿಕ್ಕೋಡಿ ದಾಟುವಷ್ಟರಲ್ಲೇ ಮೊದಲ ಏರು ಬಂತು. ಗಾಡಿಯನ್ನು ಅಡ್ಡ ಉದ್ದ ತಿರುಗಿಸಿ ಬೆನ್ನು ರಾಯಬಾಗದ ಕಡೆ, ಮುಖ ಚಿಕ್ಕೋಡಿಯ ಕಡೆ ಮಾಡಿದರು. ಆಗ ಒಂದು ತೊಡಕು ಎದುರಾಯಿತು. ಜ್ಞಾನದೇವನ ಕುತ್ತಿಗೆಯ ಎಲುಬು ಸವೆದು ನಾಲ್ಕು ವರ್ಷವಾಗಿತ್ತು. ಹಿಂದೆ ತಿರುಗಿ ನೋಡಲು ಆಗುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಎಡ ಯಾವುದು ಬಲ ಯಾವುದು ಎಂಬುದೇ ತಪ್ಪುತ್ತಿತ್ತು.

"ನಾ ನೋಡತೀನಿ ಭಾವುಜಿ," ಎಂದು ಸಕ್ಕುಬಾಯಿ ಚಪ್ಪಲಿ ಬಿಟ್ಟು ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ ಹಿಂದಿನ ಗಾಜಿಗೆ ಮುಖ ಹಚ್ಚಿ ಕೂತಳು. ಖಲೀಲ ಕೆಳಗಿಳಿದು, ತನ್ನ ಕೆಂಪು ಟವೆಲ್ ಬೀಸುತ್ತಾ ಗಾಡಿಯ ಮುಂದೆ, ಅಂದರೆ ಹಿಂದೆ, ನಡೆಯತೊಡಗಿದ.

"ಬರ್ರಿ. ಬರ್ರಿ. ಸ್ವಲ್ಪ ನನ್ನ ಗಂಡನ ಕಡೆ ಬರ್ರಿ," ಎಂದಳು ಸಕ್ಕುಬಾಯಿ.

"ಯಾವ ಕಡೆ?"

"ಅವ್ರ ಕೂಡತಿದ್ದ ಕಿಡಕಿ ಕಡೆ. ಹಾಂ. ಈಗ ಖಾಲಿ ಕಡೆ."

ಎಡ ಬಲಕ್ಕಿಂತ ಅದೇ ಸರಿಹೋಯಿತು. ಗಾಡಿ ಹತ್ತಿತು. ಜ್ಞಾನದೇವ ಎಡಗಾಲನ್ನು ಎತ್ತಿ ಸೀಟಿನ ಕೆಳಗೆ ಮಡಚಿಟ್ಟುಕೊಂಡ. ಬಹಳ ಭಯವಾಯಿತು, ಆದರೂ ಎತ್ತಿ ಇಟ್ಟುಕೊಂಡೇ ಇದ್ದ.

ಅರ್ಧ ಏರಿನಲ್ಲಿ ಹಿಂದಿನಿಂದ ಒಂದು ಮೋಟರ್ ಸೈಕಲ್ಲು ಬಂದು ಗಾಡಿಯ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹಿಂಬಾಲಿಸತೊಡಗಿತು. ರಸ್ತೆ ಇಕ್ಕಟ್ಟು, ದಾಟಲು ಜಾಗವಿಲ್ಲ. ಮೋಟರ್ ಸೈಕಲ್ಲಿನವನೂ ಜ್ಞಾನದೇವನೂ ಗಾಜಿನ ಆಚೀಚೆ ನಾಲ್ಕು ಮಾರಿನ ದೂರದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ಒಂದೇ ದಿಕ್ಕಿಗೆ ಹೋಗುತ್ತಿದ್ದರು. ಬೇರೆ ಕಡೆ ನೋಡಲು ಇಬ್ಬರಿಗೂ ಸಂಕೋಚ. ಸ್ವಲ್ಪ ಹೊತ್ತಿಗೆ ಅವನ ಮುಖ ಅರಳಿತು.

"ಸಾಹೇಬ್ರ, ನೀವ ಅಲ್ಲೇನ್ರಿ ಎರಡನೇ ಟೇಬಲ್‌ದವ್ರು? ನನ್ನ ಅರ್ಜಿ ಎಲ್ಲಿಗಿ ಬಂತು?"

"ಈ ಹೊತ್ತ ಐತವಾರ, ಸೂಟಿ ಐತಿ," ಎಂದ ಜ್ಞಾನದೇವ, ಕಿಟಕಿಯಿಂದ ತಲೆ ಹೊರಗೆ ಹಾಕಿ.

"ಸೂಟಿ ಇದ್ರೂ ಕುಂತೀರಲ್ಲ. ಸುಮ್ನ ಹೇಳ್ರಿ. ಡಿಸೆಂಬರಿನ್ಯಾಗ ಕೊಟ್ಟೇನಿ."

ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ವೇಗ ಹೆಚ್ಚಿಸಿದರೆ ಖಲೀಲನಿಗೆ ಬಡಿಯುತ್ತದೆ. ನಿಲ್ಲಿಸಿದರೆ ಗಾಡಿ ಮತ್ತೆ ಹತ್ತುವ ಭರವಸೆಯಿಲ್ಲ. ಏರು ಮುಗಿಯುವ ತನಕ ಜ್ಞಾನದೇವ ಅವನ ಅರ್ಜಿಯ ವಿಚಾರಣೆಯನ್ನು ನಡೆಸಿದ. ಅದಕ್ಕೆ ಒಂದು ಕಾಗದ ಲಗತ್ತಿಸುವುದು ಬಿಟ್ಟಿದೆ ಎಂದು ನೆನಪಾಗಿ ಅದನ್ನೂ ಹೇಳಿದ. ಮೋಟರ್ ಸೈಕಲ್ಲಿನವನು ಬಹಳ ಸಂತೋಷಪಟ್ಟು, ಏರಿನ ತಲೆ ಮುಟ್ಟಿದಾಗ ಕೈಯೆತ್ತಿ ನಮಸ್ಕಾರ ಮಾಡಿ ದಾಟಿ ಹೋದ.

ರಾಯಬಾಗದಲ್ಲಿ ಒಂದು ಏರಿನ ಓಣಿಯೊಳಗೆ ಮತ್ತೆ ತಿರುಗಿಸಬೇಕಾಯಿತು. ಅಲ್ಲಿ ನಿಂತಿದ್ದ ಹೋಮ್‌ಗಾರ್ಡ್ ಒಬ್ಬ ಸೀಟಿ ಊದಿದ.

"ನೀವು ಬರಾಕತ್ತೀರೋ, ಹೋಗಾಕತ್ತೀರೋ?"

ಸಕ್ಕುಬಾಯಿ ಹಿಂದಿನ ಕಿಟಕಿ ಇಳಿಸಿದಳು. "ಹೋಗಾಕತ್ತೀವ್ರಿ ಸಾಹೇಬ್ರ. ಗಾಡಿ ಮಾರಿ ಅಷ್ಟ ಈ ಕಡೆ ಐತಿ."

"ಈ ಓಣಿ ಒನ್ ವೇ ಐತಿ. ಆ ಕಡಿಂದ ಈ ಕಡೆ ಬರಬೇಕು."

"ನೋಡ್ರಿ ಮತ್ತ, ನಮ್ಮ ಗಾಡಿ ಮಾರಿ ಎತ್ಲಾಗ ಐತಿ?"

ಹೋಮ್‌ಗಾರ್ಡ್ ಗಾಡಿಯ ಮುಖವನ್ನೂ ಬೋರ್ಡಿನ ಬಾಣವನ್ನೂ ಎರಡು ಸಲ ನೋಡಿದ. ಎರಡೂ ಒಂದೇ ಕಡೆಗೆ ಇದ್ದವು. ತಲೆ ಕೆರೆದುಕೊಂಡು, ಯಾವ ಗುನ್ನೆ ಹಾಕಬೇಕೋ ತಿಳಿಯದೆ, "ಲಗೂ ಹೋಗ್ರಿ, ಇಲ್ಲಾ ಲಗೂ ಬರ್ರಿ," ಎಂದು ಕೈಬಿಟ್ಟ. ಖಲೀಲ ಟವೆಲ್ ಬೀಸಿದ. ಅಂಗಡಿಯವರೆಲ್ಲ ಹೊರಗೆ ಬಂದು ನಿಂತು, ಇದು ಯಾವುದೋ ಪ್ರಚಾರದ ಗಾಡಿ ಎಂದು ತಿಳಿದು ಚೀಟಿ ಕೊಡುತ್ತಾರೇನೋ ಎಂದು ಕೈ ಚಾಚಿದರು.

ಹಾರೂಗೇರಿ ಮುಟ್ಟಿದಾಗ ಹನ್ನೆರಡೂವರೆ. ಕಮರುನ್ನಿಸಾ ಮನೆಯ ಮುಂದಿನ ಕಟ್ಟೆಯ ಮೇಲೆ ಬಳೆಯ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಅರವತ್ತರ ಸುಮಾರಿನ ಎತ್ತರದ ಹೆಂಗಸು. ಎದ್ದು ಬಂದು ಗಾಡಿಯನ್ನು ಸುತ್ತಿದಳು. ಬಾಗಿಲು ತೆಗೆದು ಹಾಕಿ ಸಪ್ಪಳ ಕೇಳಿದಳು. ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಉದ್ದಕ್ಕೆ ಉಸಿರೆಳೆದಳು. ಮೂವರೂ ಬಿಸಿಲಿನಲ್ಲಿ ನಿಂತು ನೋಡುತ್ತಿದ್ದರು.

"ಒಳಗಿನ ವಾಸನಿ ಅದ ಐತಿ," ಎಂದಳು ಕೊನೆಗೆ. ಆಮೇಲೆ ಜ್ಞಾನದೇವನನ್ನು ಕರೆದು ಅಂಗಳದಲ್ಲಿ ಒಂದು ಸುತ್ತು ಹೊಡೆಯಲು ಹೇಳಿದಳು. ತಾನು ಪಕ್ಕದ ಸೀಟಿನಲ್ಲಿ ಕೂತು ಅವನ ಕಾಲನ್ನಷ್ಟೇ ನೋಡಿದಳು. ಅವನು ಅದನ್ನು ಸೀಟಿನ ಕೆಳಗೆ ಮಡಚಿಟ್ಟಿದ್ದ.

"ಕಾಲಿಗಿ ಏನಾಗೇತಿ?"

"ಏನೂ ಆಗಿಲ್ರಿ. ಶಿಕ್ಷಾ ಕೊಟ್ಟೇನಿ."

ಅವಳು ನಕ್ಕ ಹಾಗೆ ಕಂಡಿತು. ಒಳಗೆ ಹೋಗಿ ಕಪಾಟಿನಿಂದ ರೇಷ್ಮೆ ದುಪಟ್ಟಾದಲ್ಲಿ ಸುತ್ತಿದ ಡಬ್ಬಿ ತಂದಳು. ಬಿಚ್ಚಿದರೆ ಎಣ್ಣೆ ಕಾಗದದೊಳಗೆ ಕ್ಲಚ್ ಪ್ಲೇಟು ಹೊಳೆಯುತ್ತಿತ್ತು. ಒಂದು ಚುಕ್ಕೆ ತುಕ್ಕಿರಲಿಲ್ಲ. ಮೂವರೂ ಬಗ್ಗಿ ನೋಡಿದರು. ಖಲೀಲ, ನಿಪ್ಪಾಣಿಯ ಏಳುನೂರು ರೂಪಾಯಿಯ ಖಲೀಲ, ಮೆಲ್ಲಗೆ "ಮಾಷಾ ಅಲ್ಲಾ" ಎಂದ.

"ಎಷ್ಟ ಕೊಡೂಣ್ರಿ ಆಪಾ?" ಎಂದು ಕೇಳಿದ ಜ್ಞಾನದೇವ. ಮನಸ್ಸಿನಲ್ಲಿ ನಾಲ್ಕು ಸಾವಿರದ ತನಕ ಹೋಗಲು ತಯಾರಿದ್ದ.

"ರೊಕ್ಕ ಬ್ಯಾಡ. ಪಾಲು ಬೇಕು."

"ಯಾತರಾಗ?"

"ಗಾಡ್ಯಾಗ. ನಾಕನೇ ಪಾಲು. ಏಳ ವರ್ಷಾತು ಬಸ್ಸಿನ್ಯಾಗ ಬಳಿ ಹೊತ್ತ ತಿರಗಾಕತ್ತೇನಿ. ಹತ್ತ ಡಜನ್ ಒಯ್ದ್ರ ಸಂತಿ ಮುಟ್ಟೂದು ಏಳ ಡಜನ್. ಕಂಡಕ್ಟರ್ ಪೆಟಗಿ ಮ್ಯಾಲ ಕುಂದರತಾನ, ಮಂದಿ ಕಾಲಿಡತಾರ. ಗಾಡಿ ಹೊಡಿಯೂದು ನನಗ ಬರತೈತಿ. ಹೊಸಾ ಗಾಡಿ ತಗೊಳ್ಳೂ ತಾಕತ್ತಿಲ್ಲ. ನನ್ನ ತಂಗಿ ಮನಿ ಭೋಜದಾಗ ಐತಿ. ಶನಿವಾರ ಸಂಜಿ ಬರತೀನಿ. ನಿಮ್ಮ ಆಫೀಸ್ ಸೂಟಿ ಇದ್ದ ದಿವ್ಸ ಗಾಡಿ ನಂದು."

ಖಲೀಲ ಒಪ್ಪಂದದ ಪ್ರತಿಯನ್ನು ಅಂಗಿಯ ಕಿಸೆಯಿಂದ ತೆಗೆದು ನೋಡಿದ. ಮೂರನೇ ಒಂದು ಪಾಲು ನಾಲ್ಕನೇ ಒಂದು ಪಾಲಾಗುವುದೆಂದರೆ, ಗಾಡಿಯಲ್ಲಿ ತನಗಿರುವುದು ಎಷ್ಟು ಎಂದು ಅವನು ಬೆರಳಿನಿಂದ ಬಾನೆಟ್ಟಿನ ಮೇಲೆ ಅಳೆದ. ಹೆಡ್‌ಲೈಟಿನ ಹತ್ತಿರ ಒಂದು ಗೇಣು ಕಡಿಮೆಯಾಯಿತು.

ಆದರೂ ಮಾತು ಶುರುವಾಯಿತು. ಭಾನುವಾರಗಳನ್ನು ಕೊಡಲು ಯಾರೂ ತಕರಾರು ಮಾಡಲಿಲ್ಲ. ಎರಡನೇ ಶನಿವಾರ, ನಾಲ್ಕನೇ ಶನಿವಾರದ ಮೇಲೆ ಒಂದು ತಾಸು ಹಿಡಿಯಿತು, ಏಕೆಂದರೆ ಕೋರ್ಟಿಗೆ ಸೂಟಿಯಿದ್ದರೂ ಖಲೀಲನ ಮೇಜಿಗೆ ಇರುತ್ತಿರಲಿಲ್ಲ. ಈದ್ ಹಬ್ಬದ ದಿನ ಗಾಡಿ ತನಗೆ ಬೇಕೆಂದ ಖಲೀಲ, ತನಗೆ ಬೇಕೆಂದಳು ಕಮರುನ್ನಿಸಾ. ಏಪ್ರಿಲ್ ಹದಿನಾಲ್ಕರಂದು ಯಾರು ಕೇಳಿದರೂ ಕೊಡುವುದಿಲ್ಲ, ಆ ದಿನ ಬಾಬಾಸಾಹೇಬರ ಜಯಂತಿಗೆ ಗಾಡಿಗೆ ನೀಲಿ ಬಾವುಟ ಕಟ್ಟಿ ಮೆರವಣಿಗೆಯಲ್ಲಿ ತಾನೇ ನಡೆಸಬೇಕು ಎಂದ ಜ್ಞಾನದೇವ. ಸಂಪು ನಡೆದರೆ ಅದು ಸೂಟಿಯೋ ಅಲ್ಲವೋ ಎಂದು ಕೇಳಿದಳು ಕಮರುನ್ನಿಸಾ. ಮಳೆ ಬಂದು ಡಿ.ಸಿ. ಸಾಹೇಬರು ಸೂಟಿ ಕೊಟ್ಟರೆ? ದೊಡ್ಡ ಮನುಷ್ಯರು ಯಾರಾದರೂ ತೀರಿಕೊಂಡು ಮಧ್ಯಾಹ್ನದ ಮೇಲೆ ಸೂಟಿಯಾದರೆ, ಚಿಕ್ಕೋಡಿಯಲ್ಲಿ ನಿಂತ ಗಾಡಿ ಆ ಕ್ಷಣದಿಂದ ಯಾರದು?

ಸಕ್ಕುಬಾಯಿ ಅಷ್ಟು ಹೊತ್ತು ಕಟ್ಟೆಯ ಮೇಲೆ ಕೂತು ಹಸಿರು ಬಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಗಂಡ ಸತ್ತ ದಿನ ಬಳೆ ಒಡೆಯಲು ಬಂದವರನ್ನು ಅವಳು ಮನೆಯೊಳಗೆ ಬಿಟ್ಟಿರಲಿಲ್ಲ. ಆದರೆ ಆಮೇಲೆ ಹೊಸದನ್ನೂ ಕೊಂಡಿರಲಿಲ್ಲ. "ಗಾಡ್ಯಾಗ ಎಷ್ಟ ಮಂದಿ ಕುಂದರತಾರ?" ಎಂದು ಕೇಳಿದಳು.

"ಐದು," ಎಂದ ಜ್ಞಾನದೇವ.

"ನಾವು ನಾಕ ಮಂದಿ ಅದೀವಿ. ಜಗಳ ಬಂದ ದಿವ್ಸ ಎಲ್ಲಾರೂ ಕುಂದರೂಣು. ಈದಗಾಕ್ಕೂ ಹೋಗೂಣು, ಜಯಂತಿಗೂ ಹೋಗೂಣು. ಒಂದ ಸೀಟ ಉಳಿತೈತಿ, ಅಲ್ಲಿ ಬಳಿ ಪೆಟಗಿ ಇಡೂಣು." ಆಮೇಲೆ ಕಮರುನ್ನಿಸಾಳ ಕಡೆ ತಿರುಗಿದಳು. "ಆಪಾ, ಈ ಕ್ಲಚ್ ಎಷ್ಟ ವರ್ಷ ಬಾಳತೈತಿ?"

"ಹಚ್ಚದ ಇದ್ದಾಗ ಏಳ ವರ್ಷ ಬಾಳೇತಿ. ಹಚ್ಚಿದ ಮ್ಯಾಲಿಂದು ಆ ಕಾಲಿನ ಮ್ಯಾಲ ಐತಿ," ಎಂದು ಕಮರುನ್ನಿಸಾ ಜ್ಞಾನದೇವನ ಪಾದ ತೋರಿಸಿದಳು.

"ಹತ್ತೊಂಬತ್ತ?"

"ಕೇಳಿ ನೋಡ, ಒಪ್ಪಿದ್ರೂ ಒಪ್ಪೀತು."

ಖಲೀಲ ಹನ್ನೆರಡನೇ ಕಲಮನ್ನು ಅಲ್ಲಿಯೇ ಕೈಬರಹದಲ್ಲಿ ಬರೆದ. ನಾಲ್ವರೂ ಸಹಿ ಮಾಡಿದರು. ಹದಿನೇಳು ವರ್ಷದಲ್ಲಿ ಸಾಮಾನಿನ ವಿಷಯಕ್ಕೆ ಇಷ್ಟು ಬೇಗ ಒಮ್ಮತವಾದದ್ದು ಅದೇ ಮೊದಲು ಎಂದು ಜ್ಞಾನದೇವನಿಗೆ ಅನ್ನಿಸಿತು. ಆಮೇಲೆ ಗಡಿಯಾರ ನೋಡಿದ. ಮೂರೂಕಾಲಾಗಿತ್ತು.

ಕ್ಲಚ್ ಹಾಕಬೇಕಾದ ಜಾವೇದ ಚಿಕ್ಕೋಡಿಯಲ್ಲಿದ್ದ. ಆದ್ದರಿಂದ ಹೊಸ ಕ್ಲಚ್ಚನ್ನು ಸಕ್ಕುಬಾಯಿಯ ತೊಡೆಯ ಮೇಲಿಟ್ಟುಕೊಂಡು ಹಳೆಯ ಕ್ಲಚ್ಚಿನಲ್ಲೇ ಮರಳಬೇಕಾಯಿತು. ಕಮರುನ್ನಿಸಾ ಭೋಜದ ತಂಗಿಯ ಮನೆಗೆಂದು ಎರಡು ಪೆಟ್ಟಿಗೆ ಬಳೆ ಒಳಗಿಟ್ಟು, ಕೇಳದೆಯೇ ಡ್ರೈವರ್ ಸೀಟಿನಲ್ಲಿ ಕೂತಳು. ಜ್ಞಾನದೇವ ಹದಿನೇಳು ವರ್ಷದಲ್ಲಿ ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತ. ಏರು ಬಂದಲ್ಲಿ ಅವಳು ಒಂದೇ ಏಟಿಗೆ ಗಾಡಿ ತಿರುಗಿಸಿ, ಎಡಗೈಯನ್ನು ಅವನ ಸೀಟಿನ ಬೆನ್ನಿಗೆ ಒರಗಿಸಿ, ಹಿಂದೆ ನೋಡುತ್ತಾ, ಸಕ್ಕುಬಾಯಿಯ "ಬರ್ರಿ ಬರ್ರಿ"ಗೂ ಕಾಯದೆ ಹತ್ತಿಸಿದಳು. ಟವೆಲ್ ಹಿಡಿದು ಕೆಳಗಿಳಿಯಲು ಹೋದ ಖಲೀಲನಿಗೆ ಇಳಿಯುವ ಸಂದರ್ಭವೇ ಸಿಗಲಿಲ್ಲ. ರಾಯಬಾಗ ದಾಟಿದ ಮೇಲಿನ ಒಂದು ದಿನ್ನೆಯಲ್ಲಿ ಅವಳು ಹಿಂದುಮುಂದಾಗಿಯೇ ಒಂದು ಎತ್ತಿನ ಗಾಡಿಯನ್ನು ದಾಟಿದಳು.

ಜ್ಞಾನದೇವ ಕಣ್ಣು ಮುಚ್ಚಿಕೊಂಡಿದ್ದ. ತೆರೆದಾಗ ಎತ್ತುಗಳು ಅವನ ಮುಂದೆ, ಗಾಜಿನ ಆಚೆ, ದೂರವಾಗುತ್ತಿದ್ದವು. ಅವುಗಳ ಮುಖ ಅಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. ತಾನು ಒಬ್ಬರನ್ನು ಹಿಂದೆ ಹಾಕಿದೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ಒಬ್ಬನೇ ನಗತೊಡಗಿದ.

"ಏನಾತ್ರಿ ಭಾವುಜಿ?" ಎಂದಳು ಸಕ್ಕುಬಾಯಿ.

"ಏನಿಲ್ಲ ವಹಿನಿ. ಆ ಡಬ್ಬಿ ಗಟ್ಟಿ ಹಿಡೀರಿ."

ಜಾವೇದ ಆ ಸಂಜೆಯೇ ಗೇರ್‌ಬಾಕ್ಸ್ ಇಳಿಸಿ ಹೊಸ ಕ್ಲಚ್ ಕೂಡಿಸಿದ. ಹಳೆಯ ಪ್ಲೇಟು ಹಪ್ಪಳದಷ್ಟು ತೆಳ್ಳಗಾಗಿತ್ತು. ಅದನ್ನು ಅವನು ಕಸಕ್ಕೆ ಎಸೆಯಲು ಹೋದಾಗ ಖಲೀಲ ಬೇಡವೆಂದು ಇಸಿದುಕೊಂಡು, ಟೈಪ್ ಮಾಡಿದ ಕಾಗದ ಗಾಳಿಗೆ ಹಾರದಂತೆ ಮೇಲಿಡಲು ಚೆನ್ನಾಗಿದೆ ಎಂದು ಟವೆಲ್ಲಿನಲ್ಲಿ ಕಟ್ಟಿಕೊಂಡ.

ಸೋಮವಾರ ಬೆಳಿಗ್ಗೆ ಗಾಡಿ ಚಿಕ್ಕೋಡಿಯ ಏರನ್ನು ಮೂರನೇ ಗೇರ್‌ನಲ್ಲಿ ಹತ್ತಿತು. ಮೂವರಲ್ಲಿ ಯಾರೂ ಮಾತಾಡಲಿಲ್ಲ, ಮಾತಾಡಿದರೆ ನಿಂತುಬಿಡುತ್ತದೇನೋ ಎಂಬಂತೆ. ಖಲೀಲನನ್ನು ಬೇವಿನ ಮರದ ಹತ್ತಿರ ಇಳಿಸಿ, ಹತ್ತಕ್ಕೆ ತೆರೆಯುವ ಕಚೇರಿ ಮುಟ್ಟಿದಾಗ ಇನ್ನೂ ಒಂಬತ್ತು ಗಂಟೆ ಹತ್ತು ನಿಮಿಷ. ಗೇಟಿಗೆ ಬೀಗವಿತ್ತು. ಸಕ್ಕುಬಾಯಿ ಕೀಲಿ ತೆಗೆದಳು. ಇಬ್ಬರೂ ಖಾಲಿ ಕಚೇರಿಯಲ್ಲಿ ನಿಂತು ಸುತ್ತ ನೋಡಿದರು. ಅವಳು ಕಸಬರಿಗೆ ಹಿಡಿದಳು. ಅವಳ ಕೈಯಲ್ಲಿ ನಾಲ್ಕು ಹಸಿರು ಬಳೆಗಳು ಸಪ್ಪಳ ಮಾಡುತ್ತಿದ್ದವು.

ಕಾಗದದ ಚೀಲ ಹಿಡಿದ ಮುದುಕನೊಬ್ಬ ಬಾಗಿಲಲ್ಲಿ ಇಣುಕಿ, ಒಳಗೆ ಗುಮಾಸ್ತನನ್ನು ಕಂಡು ಗಾಬರಿಯಾದ. "ತಡ ಆತೇನ್ರಿ ಸಾಹೇಬ್ರ? ಎಷ್ಟಾತು ಟೈಮು?"

"ತಡ ಆಗಿಲ್ಲ ಅಜ್ಜಾ, ಇನ್ನ ಒಂಬತ್ತೂಕಾಲ. ಬರ್ರಿ ಒಳಗ."

ಮುದುಕ ನಂಬಲಿಲ್ಲ. ಗೋಡೆಯ ಗಡಿಯಾರ ನೋಡಿದ, ಜ್ಞಾನದೇವನ ಮುಖ ನೋಡಿದ, ಇದರಲ್ಲಿ ಏನೋ ತನಗೆ ತಿಳಿಯದ ಮೋಸವಿದೆ ಎಂಬಂತೆ ಹೊರಗಿನ ಕಲ್ಲಿನ ಮೇಲೆ ಹೋಗಿ ಕೂತ. "ನಾ ಟೈಮಿಗೆ ಬರತೀನ್ರಿ," ಎಂದ ಅಲ್ಲಿಂದಲೇ.

ಜ್ಞಾನದೇವ ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದ. ಆಮೇಲೆ ಕನ್ನಡಕ ಒರೆಸಿ, ಡಿಸೆಂಬರ್ ತಿಂಗಳ ಅರ್ಜಿಗಳ ಗಂಟು ಬಿಚ್ಚಿ, ಮೇಲಿನ ಫೈಲು ಎಳೆದುಕೊಂಡ.